ಎಂಟು ಕಾಲಿನ ನುಸಿ, ಆರು ಕಾಲಿನ ನುಸಿ

ಬ್ಯಾಡಗಿ ಸುತ್ತಲಿನ ಎರೆ ಹೊಲಗಳಲ್ಲಿ ಮೆಣಸಿನ ಗಿಡದ ತುದಿ ಮುದುಡತೊಡಗಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಮುಟುರು ಬಂತು. ಕಾರಣ ಕೇಳಿದರೆ ಉತ್ತರವೂ ಒಂದೇ: ನುಸಿ. ಗೊಬ್ಬರದ ಅಂಗಡಿಗೆ ಹೋಗಿ ನುಸಿಗೆ ಎಣ್ಣೆ ಕೇಳಿದರೆ (ಕೀಟನಾಶಕಕ್ಕೆ ಈ ಕಡೆ ಎಣ್ಣೆ ಎನ್ನುವುದೇ ರೂಢಿ) ಡಬ್ಬಿ ಕೈಗೆ ಬರುತ್ತದೆ. ಯಾವ ನುಸಿ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಎಡವಟ್ಟು ಶುರುವಾಗುವುದೇ ಅಲ್ಲಿ. ನುಸಿ ಎಂಬ ಒಂದೇ ಪದದಡಿ ಎರಡು ಬೇರೆ ಕುಲದ ಜೀವಿಗಳು ಸೇರಿಕೊಂಡಿವೆ. ಥ್ರಿಪ್ಸ್ ನುಸಿ ಆರು ಕಾಲಿನ ಕೀಟ. ಮೈಟ್ ನುಸಿ ಎಂಟು ಕಾಲಿನದು, ಜೇಡ, ಚೇಳು, ಉಣ್ಣೆಗಳ ಬಳಗದ್ದು. ಆಗಷ್ಟೇ ಮೊಟ್ಟೆಯೊಡೆದ ಮೈಟ್ ಮರಿಗೂ ಆರೇ ಕಾಲು ಎಂಬುದು ಕಾಲು ಎಣಿಸಲು ಕೂತವರ ದುರದೃಷ್ಟ. ಮೆಣಸಿನ ಎಲೆಯ ಅಂಚು ಮೇಲೆದ್ದು ದೋಣಿಯಂತಾದರೆ ಥ್ರಿಪ್ಸ್. ಕೆಳಕ್ಕೆ ಬಾಗಿ ಕವುಚಿದ ದೋಣಿಯಂತಾಗಿ, ತೊಟ್ಟು ಇಲಿಯ ಬಾಲದಂತೆ ಉದ್ದವಾದರೆ ಮೈಟ್. ಒಂದೇ ಗಿಡದಲ್ಲಿ ಎರಡೂ ಇರುವುದುಂಟು. ಇವೆರಡರ ಜೊತೆಗೆ ಬಿಳಿನೊಣ ತರುವ ನಂಜುರೋಗ (ವೈರಸ್) ಬೇರೆ.

ಧಾರವಾಡ ಮುಂಬೈ ಪ್ರಾಂತದಲ್ಲಿದ್ದ ಕಾಲದಲ್ಲಿ ಈ ಬಾಧೆಗೆ ಸರಕಾರಿ ಬರಹಗಳಲ್ಲಿ ‘ಮುರ್ಡಾ’ ಎಂಬ ಹೆಸರಿತ್ತು. 1922ರಲ್ಲಿ ಜಿ.ಎಸ್. ಕುಲಕರ್ಣಿ ಎಂಬ ವಿಜ್ಞಾನಿ ಅದರ ಬಗ್ಗೆ ಬರೆದು, ಮೈಟ್ ಕಡೆಗೆ ಬೆರಳು ತೋರಿಸಿದರು. ಅದೇ ಮೈಟ್ 1890ರಲ್ಲಿ ಸಿಲೋನಿನ ಚಹಾ ತೋಟದಲ್ಲಿ ಒಂದು ಹೆಸರು ಪಡೆದಿತ್ತು. 1904ರಲ್ಲಿ ಅಮೆರಿಕದಲ್ಲಿ ಬ್ಯಾಂಕ್ಸ್ ಎಂಬಾತ ಇನ್ನೊಂದು ಹೆಸರಿಟ್ಟಿದ್ದ. ಇಂದಿನ ‘ಪಾಲಿಫ್ಯಾಗೋಟಾರ್ಸೋನೆಮಸ್ ಲೇಟಸ್’ ಎಂಬ ನಾಲಿಗೆ ಹೊರಳದ ಹೆಸರಿನ ಮೊದಲ ಭಾಗ ಬಂದದ್ದು 1965ರಲ್ಲಿ. ಕಂಡದ್ದನ್ನೆಲ್ಲ ತಿನ್ನುವಂಥದ್ದು ಎಂಬ ಅರ್ಥ ಅದರೊಳಗೇ ಇದೆ. ನಮ್ಮವರು ಸರಳವಾಗಿ ಹಳದಿ ನುಸಿ ಎನ್ನುತ್ತಾರೆ.

ಈ ಹಳದಿ ನುಸಿ ಬಲೆ ಹೆಣೆಯುವುದಿಲ್ಲ, ಅದು ಜೇಡ ನುಸಿಯೂ ಅಲ್ಲ. ಬದನೆ, ಬೆಂಡೆಯ ಎಲೆಯಡಿ ನವಿರಾದ ಬಲೆ ಕಟ್ಟಿ, ಎಲೆಯ ಮೇಲೆ ಬಿಳಿಚಿದ ಚುಕ್ಕೆ ಮೂಡಿಸುವುದು ಟೆಟ್ರಾನಿಕಿಡೇ ಎಂಬ ಬೇರೆಯೇ ಕುಟುಂಬದ ಜೇಡ ನುಸಿ. ಅದಕ್ಕೆ ಒಣ ಬಿಸಿಲು ಇಷ್ಟ, ಹಳದಿ ನುಸಿಗೆ ಮೋಡ ಕವಿದ ತೇವದ ದಿನಗಳು. ಜೇಡ ನುಸಿಗಳಲ್ಲಿ ಸಾವಿರಕ್ಕೂ ಮಿಕ್ಕಿ ಪ್ರಭೇದಗಳಿವೆ. ಹೆಣ್ಣುಗಳನ್ನು ನೋಡಿ ಯಾವ ಪ್ರಭೇದ ಎಂದು ಹೇಳುವುದು ಬಹಳ ಕಷ್ಟ. ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದಾದ ಗಂಡನ್ನು ಗಾಜಿನ ಪಟ್ಟಿಯ ಮೇಲೆ ಪಕ್ಕಕ್ಕೆ ಮಲಗಿಸಿ, ಅದರ ಜನನಾಂಗದ ತುದಿಯ ಗುಬುಟು ಎತ್ತ ತಿರುಗಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮಲಗಿಸುವುದರಲ್ಲಿ ಕೊಂಚ ಓರೆಯಾದರೂ ಪ್ರಭೇದವೇ ತಪ್ಪುತ್ತದೆ. 1836ರಲ್ಲಿ ಕಾಖ್ ಹೆಸರಿಸಿದ ಎರಡು ಚುಕ್ಕಿಯ ಜೇಡ ನುಸಿಯೊಂದಕ್ಕೇ ಲೋಕದಲ್ಲಿ ಹತ್ತಾರು ಹೆಸರುಗಳು ಬಿದ್ದಿದ್ದವು. ಈ ಪರಿಣತಿಯಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ; 1986ರಲ್ಲಿ ಮೈಟ್ ವಿಜ್ಞಾನದ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದೇ ಬೆಂಗಳೂರಿನಲ್ಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ವರ್ಷ.

ಹೊಲದಲ್ಲಿರುವವರಿಗೆ ಗುಬುಟು ಬೇಕಿಲ್ಲ, ಕಾಲಿನ ಲೆಕ್ಕ ಬೇಕು; ಕೀಟಕ್ಕೆ ಹೊಡೆದ ಎಣ್ಣೆ ಮೈಟಿಗೆ ನಾಟದಿರಬಹುದು. ಎರಡನೇ ಮಹಾಯುದ್ಧದ ನಂತರ ಡಿಡಿಟಿ ಬಳಕೆ ಹರಡಿದಲ್ಲೆಲ್ಲ ಜೇಡ ನುಸಿ ಹೆಚ್ಚಿತು; ಅದನ್ನು ತಿನ್ನುವ ಪರಭಕ್ಷಕ ಮೈಟ್‌ಗಳೂ ಪುಟ್ಟ ಗುಲಗಂಜಿ ಹುಳುಗಳೂ ಮೊದಲು ಸತ್ತಿದ್ದವು. ಪೈರಿಥ್ರಾಯ್ಡ್ ಗುಂಪಿನ ಕೀಟನಾಶಕಗಳು ಬಂದಾಗಲೂ ಇದೇ ಕಥೆ. ಇಮಿಡಾಕ್ಲೋಪ್ರಿಡ್ ಕೀಟಗಳನ್ನು ಕೊಲ್ಲುತ್ತದೆ, ಮೈಟನ್ನು ಕೊಲ್ಲುವುದಿಲ್ಲ. ಅದನ್ನು ಹೊಡೆದ ಬೆಳೆಗಳಲ್ಲಿ ಜೇಡ ನುಸಿ ಹೆಚ್ಚಿದ್ದೂ ಉಂಟು. ಮೈಟಿಗೆಂದೇ ದಶಕಗಟ್ಟಲೆ ಮಾರಾಟವಾದ ಡೈಕೋಫಾಲ್ ಡಿಡಿಟಿಯಿಂದಲೇ ತಯಾರಾಗುತ್ತಿತ್ತು. 2023ರಲ್ಲಿ ಭಾರತ ಅದನ್ನು ನಿಷೇಧಿಸಿತು. ಹಳೆಯ ಗಂಧಕ ಇನ್ನೂ ಉಳಿದಿದೆ: ನೀರಿನಲ್ಲಿ ಬೆರೆಯುವ ಪುಡಿ, ಲೀಟರಿಗೆ 3 ಗ್ರಾಂ, ಸುಡು ಬಿಸಿಲಿನಲ್ಲಿ ಹೊಡೆಯಕೂಡದು, ಎಲೆ ಸುಟ್ಟೀತು.

2021ರ ಕೊನೆಯಲ್ಲಿ ಮೂರನೆಯ ಅತಿಥಿ ಬಂತು. ಅದಕ್ಕೂ ಆರು ವರ್ಷ ಮೊದಲು ಬೆಂಗಳೂರಿನ ಪಪ್ಪಾಯಿಯಲ್ಲಿ ಕಂಡಿದ್ದ ಕಪ್ಪು ಥ್ರಿಪ್ಸ್ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿಗೆ ನುಗ್ಗಿತು. ಇದು ಹೂವಿನೊಳಗೆ ಗುಂಪುಗಟ್ಟಿ ಕೂರುವುದರಿಂದ ಎಲೆಯ ದೋಣಿ ನೋಡಿ ಗುರುತಿಸುವ ಹಳೆಯ ಉಪಾಯ ಸಾಲದು. ಹೂವನ್ನು ಬಿಳಿ ಕಾಗದದ ಮೇಲೆ ಕೊಡವಬೇಕು.

ಮೈಟ್ ಹಾಗೆ ಉದುರುವುದಿಲ್ಲ. ಕುಡಿ ಎಲೆ ಕಿತ್ತು, ಬೆನ್ನು ಮೇಲೆ ಮಾಡಿ, ಹತ್ತು ಪಟ್ಟು ಹಿಗ್ಗಿಸುವ ಮಸೂರವನ್ನು ಕಣ್ಣಿಗೇ ಒತ್ತಿ ನೋಡಬೇಕು. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ನರದ ಪಕ್ಕದಲ್ಲಿ ಬಿಳಿ ಚುಕ್ಕಿ ಸಾಲಿಟ್ಟ ಮೊಟ್ಟೆ, ಅದರಾಚೆ ಹಳದಿ ಹನಿಯಂಥದ್ದೊಂದು ಸರಿಯುತ್ತಿರುತ್ತದೆ. ಅದು ಗಂಡು: ಇನ್ನೂ ಪೊರೆ ಕಳಚದ ಹೆಣ್ಣನ್ನು ಹಿಂಗಾಲಿನಲ್ಲಿ ಎತ್ತಿಕೊಂಡು ಮುಂದಿನ ಎಳೆ ಚಿಗುರಿಗೆ ಹೊರಟಿದೆ.