‘ವಾಡಿಕೆಗಿಂತ ಹೆಚ್ಚು’ ಎಂದರೆ ಯಾವ ವಾಡಿಕೆ?

‘ಇಂದು ಗರಿಷ್ಠ ಉಷ್ಣಾಂಶ 36 ಡಿಗ್ರಿ, ವಾಡಿಕೆಗಿಂತ 2 ಡಿಗ್ರಿ ಹೆಚ್ಚು.’ ಬೇಸಿಗೆಯ ಪತ್ರಿಕೆಗಳಲ್ಲಿ ಇಂಥ ಸಾಲು ದಿನವೂ ಸಿಗುತ್ತದೆ. 36 ಡಿಗ್ರಿ ಎಂದರೆ ಏನೆಂದು ನಮ್ಮ ಮೈಗೆ ಗೊತ್ತು. ‘ವಾಡಿಕೆ’ ಎಂಬ ಪದದ ಮೇಲೆ ಮಾತ್ರ ಕಣ್ಣು ನಿಲ್ಲದೆ ಜಾರಿಬಿಡುತ್ತದೆ. ಒಂದು ಊರಿನ ಹವೆ ನಿಜಕ್ಕೂ ಬಿಸಿಯಾಗುತ್ತಿದೆಯೇ ಎಂದು ತಿಳಿಯಲು ಹೊರಟವರು ಮೊದಲು ಹಿಡಿಯಬೇಕಾದದ್ದು ಆ ಪದವನ್ನೇ.

ಮನೆಮಾತಿನಲ್ಲಿ ವಾಡಿಕೆ ಎಂದರೆ ರೂಢಿ. ‘ಯುಗಾದಿಗೆ ಒಬ್ಬಟ್ಟು ಮಾಡುವುದು ನಮ್ಮ ವಾಡಿಕೆ’ ಎನ್ನುತ್ತೇವೆ. ಅದು ಯಾವಾಗ ಶುರುವಾಯಿತೆಂದು ಯಾರೂ ಲೆಕ್ಕ ಇಟ್ಟಿರುವುದಿಲ್ಲ. ಹವಾಮಾನ ಇಲಾಖೆಯ ವಾಡಿಕೆಗೆ ಮಾತ್ರ ಲೆಕ್ಕವಿದೆ. ಒಂದು ಸ್ಥಳದಲ್ಲಿ 30 ವರ್ಷ ಬಿಡದೆ ಅಳೆದ ಉಷ್ಣಾಂಶದ ಸರಾಸರಿಯೇ ಅಲ್ಲಿನ ವಾಡಿಕೆ. ಈ 30 ವರ್ಷದ ಪದ್ಧತಿ ಅಂತರರಾಷ್ಟ್ರೀಯವಾಗಿ ನಿಂತದ್ದು 1935ರಲ್ಲಿ, ಪೋಲೆಂಡಿನ ವಾರ್ಸಾದಲ್ಲಿ ಸೇರಿದ ಹವಾಮಾನ ತಜ್ಞರ ಸಭೆಯಲ್ಲಿ. ಆಗ ಆರಿಸಿಕೊಂಡ ಅವಧಿ 1901ರಿಂದ 1930. ಈಗ ಬಳಕೆಯಲ್ಲಿರುವುದು 1991ರಿಂದ 2020.

ಈ ವಾಡಿಕೆಗಿಂತ ಒಂದು ದಿನವೋ ತಿಂಗಳೋ ವರ್ಷವೋ ಎಷ್ಟು ಮೇಲೆ ಅಥವಾ ಕೆಳಗೆ ಸರಿದಿದೆ ಎಂಬುದನ್ನು ವಿಜ್ಞಾನಿಗಳು ಅನಾಮಲಿ ಎನ್ನುತ್ತಾರೆ. ಕನ್ನಡದಲ್ಲಿ ವ್ಯತ್ಯಯ ಎನ್ನಬಹುದು. ಬರೀ ಉಷ್ಣಾಂಶ ಹೇಳಿದರೆ ಸಾಲದೇ, ಈ ವ್ಯತ್ಯಯ ಯಾಕೆ ಬೇಕು? ಮೇ ತಿಂಗಳ ಕಲಬುರಗಿಯಲ್ಲಿ 40 ಡಿಗ್ರಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಮಡಿಕೇರಿಯಲ್ಲಿ 34 ಮುಟ್ಟಿದರೂ ಅದು ಸುದ್ದಿ. ಎರಡು ಊರುಗಳ ಉಷ್ಣಾಂಶವನ್ನು ಪಕ್ಕಪಕ್ಕ ಇಟ್ಟರೆ ತಿಳಿಯುವುದು ಅವುಗಳ ಎತ್ತರ, ಮಣ್ಣು, ಮಳೆಯ ಕಥೆ. ವ್ಯತ್ಯಯಗಳನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ ಯಾವುದು ತನ್ನ ರೂಢಿ ಬಿಟ್ಟಿತು ಎಂಬುದು ಕಾಣುತ್ತದೆ.

ಬೆಂಗಳೂರನ್ನು ಹಿಡಿದು ನೋಡೋಣ. ‘ಮೊದಲೆಲ್ಲ ಇಲ್ಲಿ ಫ್ಯಾನೇ ಬೇಕಿರಲಿಲ್ಲ’ ಎಂದು ಹಳಬರು ಹೇಳುವುದು, ‘ಸೆಕೆ ಆಗಲೂ ಇತ್ತು ಬಿಡಿ’ ಎಂದು ಇನ್ನೊಬ್ಬರು ತಳ್ಳಿಹಾಕುವುದು, ಎರಡೂ ಪ್ರತಿ ಏಪ್ರಿಲ್‌ನಲ್ಲಿ ಕೇಳಿಬರುತ್ತವೆ. ಎರಡನೆಯವರ ಕೈಯಲ್ಲಿ ಗಟ್ಟಿ ಪುರಾವೆಯೇ ಇದೆ. 1931ರ ಮೇ ತಿಂಗಳಲ್ಲಿ ಬೆಂಗಳೂರು ನಗರದಲ್ಲಿ 38.9 ಡಿಗ್ರಿ ದಾಖಲಾಗಿತ್ತು. ಆ ದಾಖಲೆ ಮುರಿದದ್ದು 85 ವರ್ಷಗಳ ನಂತರ, 2016ರ ಏಪ್ರಿಲ್‌ನಲ್ಲಿ, ಅದೂ 39.2ಕ್ಕೆ, ಬರೀ 0.3 ಡಿಗ್ರಿ ಅಂತರದಲ್ಲಿ. 2024ರ ಏಪ್ರಿಲ್ 28ರಂದು ಊರೆಲ್ಲ ಬೆಂದಾಗ ಮುಟ್ಟಿದ್ದು 38.5, ಅಂದರೆ 1931ಕ್ಕಿಂತಲೂ ಕಡಿಮೆ. ಹಾಗಾದರೆ ಊರು ಬಿಸಿಯಾಗಿಲ್ಲವೇ?

ಇಲ್ಲೇ ಹಲವರು ದಾರಿ ತಪ್ಪುವುದು. ದಾಖಲೆ ಎಂಬುದು ಒಂದು ಮಧ್ಯಾಹ್ನದ ಮಾತು. ಆ ವಾರ ಮೋಡ ಕಟ್ಟಲಿಲ್ಲ, ಒಣಗಾಳಿ ಬೀಸಿತು, ಬರಬೇಕಿದ್ದ ಮಾವಿನ ಮಳೆ ಕೈಕೊಟ್ಟಿತು ಎಂದರೆ ಯಾವ ಕಾಲದಲ್ಲೂ ಒಂದು ದಿನ ಹಾಗೆ ಉರಿಯಬಹುದು. ವಾರ್ಷಿಕ ಸರಾಸರಿಯ ಲೆಕ್ಕವೇ ಬೇರೆ. ದಿನಕ್ಕೊಂದು ಗರಿಷ್ಠ, ಒಂದು ಕನಿಷ್ಠ. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಆ ದಿನದ ಸರಾಸರಿ. ವರ್ಷಕ್ಕೆ 730 ಅಳತೆಗಳು ಸೇರಿ ಒಂದೇ ಸಂಖ್ಯೆ ಹುಟ್ಟುತ್ತದೆ. ಅದರಲ್ಲಿ ಏಪ್ರಿಲ್‌ನ ಉರಿ ಮಧ್ಯಾಹ್ನಕ್ಕೆ ಎಷ್ಟು ತೂಕವೋ ಆಷಾಢದ ಮೋಡದ ಮಧ್ಯಾಹ್ನಕ್ಕೂ, ಧನುರ್ಮಾಸದ ನಸುಕಿಗೂ ಅಷ್ಟೇ ತೂಕ. ಒಂದು ದಿನ 4 ಡಿಗ್ರಿ ಹೆಚ್ಚು ಸುಟ್ಟರೆ ವರ್ಷದ ಸರಾಸರಿ ಮೇಲೇರುವುದು ಡಿಗ್ರಿಯ ನೂರನೇ ಒಂದು ಪಾಲಿನಷ್ಟು. ವರ್ಷದ ಸರಾಸರಿ ಅರ್ಧ ಡಿಗ್ರಿ ಏರಬೇಕಾದರೆ ಎಲ್ಲ ಋತುಗಳೂ, ಹಗಲು ರಾತ್ರಿಗಳೂ ಒಟ್ಟಾಗಿ ಸರಿಯಬೇಕು.

ಅದಕ್ಕೇ ಭಾರತದ ಸರಾಸರಿ ಉಷ್ಣಾಂಶ 1901ರಿಂದ 2018ರವರೆಗೆ ಸುಮಾರು 0.7 ಡಿಗ್ರಿ ಏರಿದೆ ಎಂಬ ಭೂವಿಜ್ಞಾನ ಸಚಿವಾಲಯದ ಲೆಕ್ಕವನ್ನು ‘ಇಷ್ಟೇನಾ’ ಎಂದು ಪಕ್ಕಕ್ಕಿಡಬಾರದು. ಇದರ ಗಾತ್ರ ಅರಿಯಲು ನಾನು ಬಳಸುವ ಅಳತೆಗೋಲು ಎತ್ತರ. ಬೆಂಗಳೂರಿನ ತಂಪು ಅದು ಕೂತಿರುವ ಜಾಗದ ಕೊಡುಗೆ, ಸಮುದ್ರಮಟ್ಟದಿಂದ ಸುಮಾರು 920 ಮೀಟರ್. ಗಾಳಿಯಲ್ಲಿ ಮೇಲೆ ಹೋದಂತೆ ಸಾವಿರ ಮೀಟರಿಗೆ ಸರಾಸರಿ 6.5 ಡಿಗ್ರಿ ಕಡಿಮೆಯಾಗುತ್ತದೆ. ಆ ಲೆಕ್ಕದಲ್ಲಿ 0.7 ಡಿಗ್ರಿ ಏರುವುದೆಂದರೆ ಒಂದು ಊರನ್ನು ಎತ್ತಿ ನೂರು ಮೀಟರಿಗೂ ಹೆಚ್ಚು ಕೆಳಗೆ ಇಟ್ಟ ಹಾಗೆ. ಜನ, ಮರ, ಗದ್ದೆ, ಕಾಫಿ ತೋಟ ಎಲ್ಲವೂ ಇದ್ದಲ್ಲೇ ಇವೆ. ಹವೆ ಮಾತ್ರ ನೂರು ಮೀಟರ್ ಕೆಳಗಿನ ಊರಿನದಾಗಿದೆ.

ಎಲ್ಲಿ, ಹೇಗೆ ಅಳೆದರು ಎಂಬುದೂ ಮುಖ್ಯ. ಹವಾಮಾನ ಕೇಂದ್ರಗಳಲ್ಲಿ ಆಳೆತ್ತರಕ್ಕಿಂತ ತುಸು ಕೆಳಗೆ, ಪಟ್ಟಿಪಟ್ಟಿಯಾಗಿ ಗಾಳಿ ಆಡುವ ಬಿಳಿ ಪೆಟ್ಟಿಗೆಯೊಂದು ಕಾಲಿನ ಮೇಲೆ ನಿಂತಿರುತ್ತದೆ. ಸ್ಟೀವನ್‌ಸನ್ ಪೆಟ್ಟಿಗೆ ಎಂದು ಅದರ ಹೆಸರು. ಒಳಗಿನ ತಾಪಮಾಪಕಕ್ಕೆ ನೇರ ಬಿಸಿಲು ತಾಕಬಾರದು, ಗಾಳಿ ಮಾತ್ರ ತಾಕಬೇಕು. ಮೊಬೈಲಿನಲ್ಲೋ ಕಾರಿನ ಫಲಕದಲ್ಲೋ ಕಂಡ ಸಂಖ್ಯೆಯನ್ನು ಇಲಾಖೆಯ ವಾಡಿಕೆಗೆ ಹೋಲಿಸಬಾರದು ಎನ್ನುವುದು ಇದಕ್ಕೇ. ಬೆಂಗಳೂರಿನಲ್ಲಿ ಇನ್ನೊಂದು ತೊಡಕಿದೆ. ಇಲಾಖೆಯ ಅಳತೆ ನಗರದೊಳಗಿನ ಹವಾಮಾನ ಕೇಂದ್ರ, ಎಚ್‌ಎಎಲ್ ವಿಮಾನ ನಿಲ್ದಾಣ, ದೇವನಹಳ್ಳಿಯ ವಿಮಾನ ನಿಲ್ದಾಣ ಹೀಗೆ ಬೇರೆ ಬೇರೆ ಕಡೆ ನಡೆಯುತ್ತದೆ. ದೇವನಹಳ್ಳಿಯ ನಿಲ್ದಾಣ ತೆರೆದದ್ದೇ 2008ರಲ್ಲಿ. ಅಲ್ಲಿನ ಇಂದಿನ ಉಷ್ಣಾಂಶವನ್ನು ನಗರ ಕೇಂದ್ರದ 1931ರ ಉಷ್ಣಾಂಶಕ್ಕೆ ಜೋಡಿಸಿದರೆ ನಾವು ಅಳೆಯುವುದು ಕಾಲದ ಬದಲಾವಣೆಯನ್ನಲ್ಲ, ಜಾಗದ ಬದಲಾವಣೆಯನ್ನು.

ಜಾಗ ಬದಲಾಗದಿದ್ದರೂ ಅದರ ಸುತ್ತಲಿನ ಊರು ಬದಲಾಗುತ್ತದೆ. ಕೆರೆ ಬತ್ತಿ ಬಡಾವಣೆಯಾಯಿತು, ಸಾಲುಮರ ಹೋಗಿ ಮೇಲ್ಸೇತುವೆ ಬಂತು. ಕೆರೆಯ ನೀರು ಆವಿಯಾಗುವಾಗ ಬಿಸಿಯನ್ನು ಹೀರಿಕೊಳ್ಳುತ್ತಿತ್ತು. ಕಾಂಕ್ರೀಟು ಹಗಲೆಲ್ಲ ಬಿಸಿಯನ್ನು ಒಳಗಿಟ್ಟುಕೊಂಡು ರಾತ್ರಿ ನಿಧಾನವಾಗಿ ಬಿಡುತ್ತದೆ. ಸಂಜೆ ಏಳಕ್ಕೆ ಗೋಡೆಗೆ ಕೈ ಇಟ್ಟು ನೋಡಿದರೆ ಸಾಕು, ಗೊತ್ತಾಗುತ್ತದೆ. ಇದಕ್ಕೆ ನಗರ ಶಾಖ ದ್ವೀಪ ಎಂಬ ಹೆಸರಿದೆ. ಇದರ ಗುರುತು ಹಗಲಿನ ಗರಿಷ್ಠಕ್ಕಿಂತ ರಾತ್ರಿಯ ಕನಿಷ್ಠದಲ್ಲಿ ಢಾಳಾಗಿ ಕಾಣುತ್ತದೆ. ಹಾಗಾಗಿ ‘ಫ್ಯಾನೇ ಬೇಕಿರಲಿಲ್ಲ’ ಎನ್ನುವ ಹಳಬರ ಮಾತನ್ನು ನಾನು ಬರೀ ಹಳೆಯ ನೆನಪಿನ ಸವಿ ಎಂದು ತಳ್ಳಿಹಾಕಲಾರೆ. ಅವರು ಹೇಳುತ್ತಿರುವುದು ಮಧ್ಯಾಹ್ನದ ದಾಖಲೆಯ ಬಗ್ಗೆ ಅಲ್ಲ, ನಿದ್ದೆ ಬರುತ್ತಿದ್ದ ರಾತ್ರಿಗಳ ಬಗ್ಗೆ. ‘ಆಗಲೂ ಸೆಕೆ ಇತ್ತು’ ಎನ್ನುವವರು ಉತ್ತರ ಕೊಡುತ್ತಿರುವುದು ಕೇಳದೇ ಇದ್ದ ಪ್ರಶ್ನೆಗೆ.

ನಗರದ ಕಾವು ಬೇರೆ, ಭೂಮಿಯ ಕಾವು ಬೇರೆ. ಊರಿನ ಅಳತೆಯಲ್ಲಿ ಎರಡೂ ಬೆರೆತಿರುತ್ತವೆ. ಬಿಡಿಸುವ ದಾರಿಯೂ ಇದೆ: ಪಟ್ಟಣದ ಕೇಂದ್ರವನ್ನು ದೂರದ ಹಳ್ಳಿಗಾಡಿನ ಕೇಂದ್ರಗಳ ಜೊತೆ ಹೋಲಿಸಿ ನೋಡುವುದು. ಒಂದು ಸ್ಥಳದ ವ್ಯತ್ಯಯ ನೂರಾರು ಕಿಲೋಮೀಟರ್ ದೂರದ ಸ್ಥಳಗಳ ವ್ಯತ್ಯಯದೊಂದಿಗೆ ಹೆಜ್ಜೆ ಹಾಕುತ್ತದೆ ಎಂಬುದನ್ನು ವಿಜ್ಞಾನಿಗಳಾದ ಜೇಮ್ಸ್ ಹ್ಯಾನ್ಸೆನ್ ಮತ್ತು ಸರ್ಗೇಯ್ ಲೆಬೆಡೆಫ್ 1987ರಲ್ಲೇ ತೋರಿಸಿದ್ದರು. ಸುತ್ತಲಿನ ಹಳ್ಳಿಗಳಿಗಿಂತ ನಗರ ಮಾತ್ರ ಮುಂದೆ ಓಡಿದ್ದರೆ ಆ ಹೆಚ್ಚುವರಿ ಓಟ ನಗರದ್ದು. ಹಳ್ಳಿಗಳೂ ಜೊತೆಗೆ ಏರಿದ್ದರೆ ಅದು ಎಲ್ಲರದು.

ವರ್ಷದಿಂದ ವರ್ಷಕ್ಕೆ ಏರಿಳಿತ ಇದ್ದೇ ಇರುತ್ತದೆ. ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೋ ಬಂದ ವರ್ಷ ಮೇಲೆ, 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದು ಬಿಸಿಲಿಗೆ ಮರೆ ಕಟ್ಟಿದ ಮರುವರ್ಷ ಕೆಳಗೆ. ಆದ್ದರಿಂದ ಎರಡು ವರ್ಷ ಹೋಲಿಸಿ ತೀರ್ಪು ಕೊಡಲಾಗದು. ಕೆಲವು ದಶಕಗಳ ಓಟ ಬೇಕು.

ಕೊನೆಗೆ, ಓದುವಾಗ ತಪ್ಪದೆ ಕೇಳಬೇಕಾದ ಪ್ರಶ್ನೆ: ಯಾವ ವಾಡಿಕೆಗಿಂತ? 2024 ಭಾರತದಲ್ಲಿ 1901ರಿಂದೀಚೆಗಿನ ಅತಿ ಬಿಸಿ ವರ್ಷ, ವಾಡಿಕೆಗಿಂತ 0.65 ಡಿಗ್ರಿ ಹೆಚ್ಚು ಎಂದಿತು ನಮ್ಮ ಹವಾಮಾನ ಇಲಾಖೆ. ಅದೇ ವರ್ಷ ಇಡೀ ಭೂಮಿ ಸುಮಾರು 1.55 ಡಿಗ್ರಿ ಹೆಚ್ಚು ಬಿಸಿಯಾಗಿತ್ತು ಎಂದಿತು ವಿಶ್ವ ಹವಾಮಾನ ಸಂಸ್ಥೆ. ಭಾರತ ಅರ್ಧಕ್ಕಿಂತ ಕಡಿಮೆ ಬಿಸಿಯಾಗಿದೆ ಎಂದು ಇದನ್ನು ಓದಿದರೆ ತಪ್ಪು. ಮೊದಲನೆಯದರ ತಳಪಾಯ 1991–2020, ಆಗಲೇ ಬಿಸಿಯಾಗಿದ್ದ ಕಾಲ. ಎರಡನೆಯದರದು 1850–1900. ಒಬ್ಬ ಹುಡುಗ ಎಷ್ಟು ಎತ್ತರ ಬೆಳೆದ ಎಂದು ಕೇಳಿದರೆ ಹೋದ ವರ್ಷದ ಗೋಡೆಯ ಗೆರೆಯಿಂದಲೂ ಅಳೆಯಬಹುದು, ತೊಟ್ಟಿಲಿನಿಂದಲೂ ಅಳೆಯಬಹುದು.

ಆ ಗೆರೆ ಹತ್ತು ವರ್ಷಕ್ಕೊಮ್ಮೆ ಮೇಲಕ್ಕೆ ಸರಿಯುತ್ತದೆ. 2030 ಮುಗಿದ ಮೇಲೆ ವಾಡಿಕೆಯ ಲೆಕ್ಕದಿಂದ 1990ರ ದಶಕ ಹೊರಗೆ ಹೋಗಿ 2020ರ ದಶಕ ಒಳಗೆ ಬರಲಿದೆ. ದಿನದ ಮುನ್ಸೂಚನೆಗೆ, ಬಿತ್ತನೆಗೆ, ವಿದ್ಯುತ್ ಬೇಡಿಕೆಯ ಅಂದಾಜಿಗೆ ಇದು ಸರಿಯಾದ ಕ್ರಮವೇ. ದೀರ್ಘಕಾಲದ ಬದಲಾವಣೆ ಅಳೆಯಲೆಂದು 1961–1990ರ ಸರಾಸರಿಯನ್ನು ವಿಶ್ವ ಹವಾಮಾನ ಸಂಸ್ಥೆ ಕದಲಿಸದೆ ಇಟ್ಟುಕೊಂಡಿದೆ. ಪತ್ರಿಕೆಯ ಸಾಲಿಗೆ ಬರುವುದು ಮಾತ್ರ ಸರಿಯುವ ವಾಡಿಕೆ. ಇಂದು ‘ವಾಡಿಕೆಗಿಂತ ಅರ್ಧ ಡಿಗ್ರಿ ಹೆಚ್ಚು’ ಎನಿಸಿಕೊಂಡ ದಿನವೊಂದು 2031ರ ಬಳಿಕ ಅದೇ ಕಾವಿನೊಂದಿಗೆ ಮರಳಿ ಬಂದರೆ, ಅದರ ಮುಂದೆ ‘ವಾಡಿಕೆಯಷ್ಟೇ’ ಎಂದು ಅಚ್ಚಾಗಬಹುದು.