ಥಾಮಸ್ ಮಾನ್ ಅವರ ಇಬ್ಬರು ಅನುವಾದಕರು

ಜರ್ಮನ್ ಕಾದಂಬರಿಕಾರ ಥಾಮಸ್ ಮಾನ್ ಅವರನ್ನು ಇಂಗ್ಲಿಷಿಗೆ ತಂದ ಹೆಲೆನ್ ಲೋ-ಪೋರ್ಟರ್ ಅವರ ಹೆಸರು ಜರ್ಮನ್ ಭಾಷೆಯಿಂದ ಅನುವಾದಿಸುವವರ ನಡುವೆ ಬಂದರೆ ಮಾತು ನೇರವಾಗಿ ಅವರ ತಪ್ಪುಗಳಿಗೇ ಹೋಗುತ್ತದೆ. ಅವರು ಎಂಥ ಸ್ಥಿತಿಯಲ್ಲಿ ಕೆಲಸ ಮಾಡಿದರು ಎಂಬುದನ್ನು ಮೊದಲು ನೋಡಬೇಕು.

1876ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಅವರು, ಪ್ರಾಚೀನ ಲಿಪಿಗಳ ವಿದ್ವಾಂಸ ಇ. ಎ. ಲೋ ಅವರನ್ನು ಮದುವೆಯಾಗಿ ಆಕ್ಸ್‌ಫರ್ಡಿನಲ್ಲಿ ಸಂಸಾರ ಹೂಡಿದರು. ಮೂವರು ಹೆಣ್ಣುಮಕ್ಕಳು, ಮನೆವಾರ್ತೆ. ಅದರ ನಡುವೆಯೇ ಪ್ರಕಾಶಕ ಆಲ್ಫ್ರೆಡ್ ಕ್ನಾಫ್ ಅವರಿಗಾಗಿ ಮಾನ್ ಅವರ ಕಾದಂಬರಿಗಳಾದ, 1924ರಲ್ಲಿ ‘ಬುಡೆನ್‌ಬ್ರೂಕ್ಸ್’, 1927ರಲ್ಲಿ ‘ದಿ ಮ್ಯಾಜಿಕ್ ಮೌಂಟನ್’ ಮುಗಿಸಿದರು. ಎರಡನೆಯದಕ್ಕೆ ಮಾನ್ ಬಯಸಿದ್ದು ಬೇರೊಬ್ಬ ಗಂಡಸನ್ನು, ಕ್ನಾಫ್ ಒಪ್ಪಲಿಲ್ಲ. 1948ರ ‘ಡಾಕ್ಟರ್ ಫಾಸ್ಟಸ್’ವರೆಗೂ ಇಂಗ್ಲಿಷ್ ಓದುಗರು ಮಾನ್ ಅವರನ್ನು ಬಹುಮಟ್ಟಿಗೆ ಈಕೆಯ ಮೂಲಕವೇ ಓದಿದರು.

1995ರಲ್ಲಿ ವಿದ್ವಾಂಸ ಟಿಮೊಥಿ ಬಕ್ ಲಂಡನ್ನಿನ ಸಾಹಿತ್ಯ ಪತ್ರಿಕೆ ‘ಟೈಮ್ಸ್ ಲಿಟರರಿ ಸಪ್ಲಿಮೆಂಟ್’ನಲ್ಲಿ ಈ ಅನುವಾದಗಳ ತಪ್ಪು, ಲೋಪಗಳನ್ನು ಎತ್ತಿ ತೋರಿಸಿದರು. ಆಕ್ಷೇಪ ಸುಳ್ಳಲ್ಲ. ಮೂಲವನ್ನು ಪಕ್ಕದಲ್ಲಿಟ್ಟುಕೊಂಡವರಿಗೆ ಬಿಟ್ಟುಹೋದ ಮಾತುಗಳೂ ಅರ್ಥ ತಿರುಗಿದ ಕಡೆಗಳೂ ಸಿಗುತ್ತವೆ. ಆದರೆ ಮಾನ್ ಅವರ ‘ಜೋಸೆಫ್’ ಕಾದಂಬರಿಗಳು ಒಂದೊಂದಾಗಿ ಹೊರಬರುತ್ತಿದ್ದಂತೆ ಬೆನ್ನಿಗೇ ಇಂಗ್ಲಿಷ್ ಒದಗಿಸಬೇಕಾದ ಹೊಣೆ ಅವರದಾಗಿತ್ತು. ಟಿಪ್ಪಣಿ ಸಹಿತ ಆವೃತ್ತಿಗಳ ನೆರವು ಆಗ ಎಲ್ಲಿಂದ ಬರಬೇಕು? ಮೊದಲು ಭಾವ, ಆಮೇಲೆ ಆದಷ್ಟು ಅಕ್ಷರ ಎಂದು ‘ಬುಡೆನ್‌ಬ್ರೂಕ್ಸ್’ ಮುನ್ನುಡಿಯಲ್ಲೇ ಅವರು ಹೇಳಿಕೊಂಡಿದ್ದರು. ಆ ಗದ್ಯವನ್ನು ನಾನು ಇಂದಿಗೂ ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ಅದರ ಓಟ ಎಲ್ಲೂ ಮುಗ್ಗರಿಸುವುದಿಲ್ಲ.

ಜಾನ್ ಇ. ವುಡ್ಸ್ ಅವರ ಹೊಸ ಅನುವಾದಗಳು 1993ರಿಂದ ಬಂದವು. ನಿಖರತೆಯಲ್ಲಿ ಅವರದೇ ಮೇಲುಗೈ, ಅನುಮಾನವಿಲ್ಲ. ‘ಮ್ಯಾಜಿಕ್ ಮೌಂಟನ್’ನಲ್ಲಿ ಕಾರ್ನಿವಲ್ ರಾತ್ರಿಯ ಒಂದು ಪ್ರಸಂಗವಿದೆ. ಸ್ವಿಟ್ಜರ್ಲೆಂಡಿನ ದಾವೋಸಿನ ಸ್ಯಾನಟೋರಿಯಂನಲ್ಲಿ, ಅಂದರೆ ಕ್ಷಯರೋಗಿಗಳ ಆರೈಕೆಧಾಮದಲ್ಲಿ, ಕಥಾನಾಯಕ ಹಾನ್ಸ್ ಕಾಸ್ಟೋರ್ಪ್ ತನ್ನ ಪ್ರೀತಿಯನ್ನು ಅಲ್ಲಿಯೇ ಇರುವ ಕ್ಲಾವ್ಡಿಯಾಳಿಗೆ ಹೇಳಿಕೊಳ್ಳುವುದು ಫ್ರೆಂಚಿನಲ್ಲಿ. ಆ ಭಾಷೆಯಲ್ಲಾಡಿದ ಮಾತಿಗೆ ಹೊಣೆಯಿಲ್ಲ, ಕನಸಿನಲ್ಲಿ ಆಡಿದಂತೆ ಎಂದು ಅವನೇ ಹೇಳುತ್ತಾನೆ. ಲೋ-ಪೋರ್ಟರ್ ಫ್ರೆಂಚನ್ನು ಹಾಗೇ ಉಳಿಸಿದರು. ವುಡ್ಸ್ ಇಂಗ್ಲಿಷಿಗೆ ತಂದು ಓರೆ ಅಕ್ಷರದಲ್ಲಿ ಹಾಕಿಸಿದರು. ಇಲ್ಲಿ ನನ್ನ ಒಲವು ಹಿರಿಯಾಕೆಯ ಕಡೆಗೆ. ಫ್ರೆಂಚ್ ಬಾರದ ಓದುಗರಿಗೆ ಅಲ್ಲಿ ಕಷ್ಟವಾಗುತ್ತದೆ, ನಿಜ. ಆದರೆ ಪರಭಾಷೆಯ ಮರೆ ಹೋದರೆ ಆ ಹುಡುಗನಿಗೆ ಬಂದ ಧೈರ್ಯದ ಕಾರಣವೂ ಹೋಗುತ್ತದೆ.

ಕನ್ನಡಕ್ಕೆ ತರುವ ನಮ್ಮಂಥವರನ್ನು ಹೆಚ್ಚು ಕಾಡುವವನು ‘ಬುಡೆನ್‌ಬ್ರೂಕ್ಸ್’ನ ಪರ್ಮನೇಡರ್. ದಕ್ಷಿಣ ಜರ್ಮನಿಯ ಮ್ಯೂನಿಕ್ಕಿನಿಂದ ಬಂದ ಅವನ ಬವೇರಿಯನ್ ಆಡುಮಾತು ಉತ್ತರದ ಲ್ಯೂಬೆಕ್ಕಿನ ಮನೆತನಸ್ಥರಿಗೆ ಅರ್ಥವಾಗುವುದೇ ಕಷ್ಟ. ಆ ಮನೆಯ ಮಗಳು ಟೋನಿಯನ್ನು ಮದುವೆಯಾದ ಮೇಲೆ ಅದೇ ಮಾತಿನಲ್ಲಿ ಅವಳನ್ನು ಬೈಯುತ್ತಾನೆ. ಆ ಬೈಗುಳವನ್ನು ಅಣ್ಣನ ಮುಂದೆ ಹೇಳಲೂ ಅವಳಿಗೆ ಬಾಯಿ ಬರುವುದಿಲ್ಲ. ಅವನಿಗೆ ಧಾರವಾಡದ ಕನ್ನಡ ಕೊಡೋಣವೇ, ಕುಂದಾಪುರದ್ದೇ? ಯಾವುದನ್ನು ಕೊಟ್ಟರೂ ಮ್ಯೂನಿಕ್ ಮರೆಯಾಗಿ ನಮ್ಮ ಜಿಲ್ಲೆ ಕಾಣುತ್ತದೆ. ಆ ಸೀಮೆಯವರನ್ನು ಒರಟರೆಂದು ಸುಮ್ಮನೆ ಹಣೆಪಟ್ಟಿ ಕಟ್ಟಿದಂತೆಯೂ ಆಗುತ್ತದೆ. ಹಾಗಾಗಿ ಯಾವ ಊರಿಗೂ ಸೇರದ ಆಡುಮಾತನ್ನು ಅವನಿಗೆ ಕೊಟ್ಟಿದ್ದೇನೆ. ವಾಕ್ಯಗಳು ಚಿಕ್ಕವು, ಕೆಲವು ಅರ್ಧಕ್ಕೇ ನಿಲ್ಲುತ್ತವೆ, ಬಹುವಚನ ಅಪರೂಪ. ಸುತ್ತಲಿನ ಬುಡೆನ್‌ಬ್ರೂಕ್ ಮನೆಯವರಿಗೆ ಮಾತ್ರ ತೊಳೆದಿಟ್ಟಂಥ ಶಿಷ್ಟ ಕನ್ನಡ.