ಹಟ್ಟಿ ಕಲಿಸಿದ ಪದ, ಹಟ್ಟಿ ಎಳೆದ ಗೆರೆ

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಆದರೂ ಸಾವಿರಾರು ಪದ, ಅಂದರೆ ಜನಪದ ಹಾಡು, ಅವರ ನಾಲಿಗೆಯ ಮೇಲಿದ್ದವು. ವೀರರಾದ ಜುಂಜಪ್ಪ, ಎತ್ತಪ್ಪರ ಕತೆಗಳು ದನ ಕುರಿ ಸಾಕುವ ಕಾಡುಗೊಲ್ಲರಲ್ಲಿ ಉಳಿದದ್ದೇ ಹೀಗೆ, ಕೂಸು ಕಂಕುಳಲ್ಲಿರುವಾಗಲೇ ಕಿವಿಗೆ ಬಿದ್ದು ಬಿದ್ದು.

ಅದೇ ಹಟ್ಟಿಯಲ್ಲಿ ಹೆಣ್ಣುಮಗು ಇನ್ನೊಂದನ್ನೂ ಕಲಿಯುತ್ತದೆ. ಮುಟ್ಟಾದಾಗ, ಹೆತ್ತಾಗ ಅವ್ವ ಹೊರಗಿರುತ್ತಾಳೆ. ಏಕೆಂದು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಹೇಳದೆಯೇ ಕಲಿತ ಪಾಠ ಮೈಯಲ್ಲಿ ಇಳಿದುಬಿಡುತ್ತದೆ. ತನ್ನ ಸರದಿ ಬಂದ ದಿನ ಅವಳ ಕಾಲು ತಾನಾಗಿಯೇ ಹೊರಗೆ ನಡೆಯುತ್ತದೆ. ಸಮಾಜಶಾಸ್ತ್ರದವರು ಇದನ್ನು ಸಾಮಾಜೀಕರಣ ಎನ್ನುತ್ತಾರೆ.

ಮನುಷ್ಯ ಹುಟ್ಟಿನಿಂದ ತರುವುದೆಷ್ಟು, ಸುತ್ತಲಿನವರಿಂದ ಪಡೆಯುವುದೆಷ್ಟು ಎಂಬ ಪ್ರಶ್ನೆ ಹಳೆಯದು. ಮಾತು ತಾನಾಗಿ ಬರುತ್ತದೆಯೇ ಎಂದು ತಿಳಿಯಲು ಅಕ್ಬರ್ ಹಸುಗೂಸುಗಳನ್ನು ಮಾತಾಡದ ದಾದಿಯರ ಕೈಗೆ ಒಪ್ಪಿಸಿದ. 1582ರಲ್ಲಿ ಹೋಗಿ ನೋಡಿದರೆ ಒಂದು ಮಗುವಿನ ಬಾಯಲ್ಲೂ ಮಾತಿಲ್ಲ. ಆ ಮನೆಗೆ ಗುಂಗ್ ಮಹಲ್, ಮೂಕರ ಅರಮನೆ ಎಂದೇ ಹೆಸರಾಯಿತು. ಉತ್ತರ ಸಿಕ್ಕಿತು, ಆದರೆ ಆ ಕೂಸುಗಳು ತೆತ್ತ ಬೆಲೆ ನೆನೆದರೆ ಹೊಟ್ಟೆ ತೊಳಸುತ್ತದೆ.

ಪರರ ಕಣ್ಣೇ ನಮಗೆ ಕನ್ನಡಿ ಎಂದು 1902ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿ ಬರೆದರು. 1940ರ ದಶಕದಲ್ಲಿ ಮನೋವೈದ್ಯ ರೆನೆ ಸ್ಪಿಟ್ಜ್ ಅನಾಥಾಲಯದ ಮಕ್ಕಳನ್ನೂ ಜೈಲಿನಲ್ಲಿ ತಾಯಂದಿರೇ ಸಾಕುತ್ತಿದ್ದ ಮಕ್ಕಳನ್ನೂ ಹೋಲಿಸಿದರು. ಅನಾಥಾಲಯದಲ್ಲಿ ಊಟ, ಶುಚಿ ಎಲ್ಲ ಇತ್ತು, ಎತ್ತಿಕೊಳ್ಳುವ ಕೈ ಇರಲಿಲ್ಲ. ಎರಡು ವರ್ಷದಲ್ಲಿ 91 ಮಕ್ಕಳ ಪೈಕಿ 34 ಸತ್ತವು. ಜೈಲಿನ ಮಕ್ಕಳು ಬೆಳೆದವು.

ನಮ್ಮಲ್ಲಿ 1975ರ ಅಕ್ಟೋಬರ್ 2ರಂದು 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಅದರ ಅಂಗನವಾಡಿಯಲ್ಲಿ ಊಟದ ಜೊತೆ ಆಟ, ಹಾಡನ್ನೂ ಸೇರಿಸಿದ್ದು ದೊಡ್ಡ ವಿವೇಕ.

ಹಟ್ಟಿಯಿಂದ ಹೊರಗಿರುವ ಹೆಂಗಸರಿಗಾಗಿ ಸರ್ಕಾರ ಕೃಷ್ಣ ಕುಟೀರಗಳನ್ನೂ ಕಟ್ಟಿಸಿತು. ಮಳೆ, ಚಳಿ, ಹಾವಿನ ಭಯದಲ್ಲಿ ಬಾಣಂತಿ ಮಲಗುವುದು ತಪ್ಪಬೇಕಿತ್ತು, ನಿಜ. ಆದರೆ ನನಗನ್ನಿಸುವುದು, ಮಣ್ಣಿನಲ್ಲಿದ್ದ ಗೆರೆಗೆ ಸಿಮೆಂಟಿನ ಗೋಡೆ ಬಂತು.

ಸಿರಿಯಜ್ಜಿಯ ಪದಗಳು ಬಂದ ದಾರಿಯಲ್ಲೇ ಈ ಗೆರೆಯೂ ಬಂದಿದೆ. ಅಳಿಸುವುದಾದರೂ ಆ ದಾರಿಯಲ್ಲೇ ಆಗಬೇಕು. ಚಿತ್ರದುರ್ಗದ ಹಾಸ್ಟೆಲಿನಲ್ಲಿ ಓದುವ ಹುಡುಗಿ ಆ ದಿನಗಳಲ್ಲೂ ಗೆಳತಿಯರ ಪಕ್ಕ ಕೂತು ಉಣ್ಣುತ್ತಾಳೆ. ರಜೆಗೆ ಹಟ್ಟಿಗೆ ಬಂದಾಗ ಅಕ್ಕ ಯಾವ ಕಡೆ ಹೆಜ್ಜೆ ಇಡುತ್ತಾಳೆಂದು ತಂಗಿ ನೋಡುತ್ತಿರುತ್ತಾಳೆ.